ಅತ್ತಿಯವರ ಮುಖದಾಗ ಹಸರ ಬಣ್ಣ

ಹೋದ ವರ್ಷ ನಮ್ಮ ಮಾವನವರ ಶ್ರಾದ್ಧದ ದಿವಸ ಊಟಾ ಆದ ಮ್ಯಾಲೆ ನಮ್ಮ ಅತ್ತಿಯವರು ನಡುಮನಿಯೊಳಗ ಕೂತು ಮಜ್ಜಿಗಿ ಕುಡಿಕೋತ, ಗೋಡಿ ಮ್ಯಾಲಿನ ಮಾವನವರ ಫೋಟೋ ದಿಟ್ಟಿಸಿ ನೋಡಿ, "ಇವರು ಯಾರವಾ?" ಅಂತ ಕೇಳಿದ್ರು.

ನಮ್ಮ ಮನಿಯವರ ಕೈಯಾಗಿನ ತಾಟು ಅಲ್ಲೇ ನಿಂತ್ತು. ನನ್ನ ಎದಿನೂ ಧಸಕ್ಕಂತು. ಎಂಬತ್ತು ದಾಟಿದ ಜೀವ, ಮರವು ಶುರು ಆತು ಅಂತ ಇಬ್ಬರೂ ಮಾರಿ ಮಾರಿ ನೋಡಿಕೊಂಡ್ವಿ. "ಅವ್ವಾ, ಅಪ್ಪಾ ಅಲ್ಲೇನು" ಅಂತ ಇವರು ಸಣ್ಣ ದನಿಲೆ ಅಂದ್ರ, ಅತ್ತಿಯವರು "ಅದು ಗೊತ್ತದನೋ. ನಿಮ್ಮಪ್ಪ ಇಷ್ಟು ಬೆಳ್ಳಗ ಯಾವಾಗ ಇದ್ರು ಅಂತ ಕೇಳ್ಲಿಕತ್ತೇನಿ" ಅಂದ್ರು.

ಮಾತು ಖರೇ ಇತ್ತು. ಮಾವನವರು ತೀರಿಕೊಂಡಾಗ ಮನ್ಯಾಗ ಅವರದೊಂದು ಛಲೋ ಫೋಟೋ ಇರಲಿಲ್ಲ. ಪೆನ್ಶನ್ ಪುಸ್ತಕದ ಸಣ್ಣ ಫೋಟೋ ಸ್ಟುಡಿಯೋದವರಿಗೆ ಕೊಟ್ಟು ದೊಡ್ಡದು ಮಾಡಿಸಿದ್ವಿ. ಅವರು ಜನ್ಮದಾಗ ಹಾಕದ ಕೋಟು-ಟಾಯ್ ಹಾಕಿಸಿ, ಹಣಿ ಮ್ಯಾಲಿನ ಗೆರಿ ಎಲ್ಲಾ ಅಳಿಸಿ, ಮೈದಾ ಹಿಟ್ಟಿನಂಗ ಬೆಳ್ಳಗ ಮಾಡಿ, ಹಿಂದ ನೀಲಿ ಮುಗಿಲು ಹಚ್ಚಿ ಕೊಟ್ಟಿದ್ರು. ಆಗಿನ ಗದ್ದಲದಾಗ ಯಾರೂ ಸರಿಯಾಗಿ ನೋಡಲಿಲ್ಲ. ಹಾರ ಹಾಕಿದ್ವಿ, ಮುಗೀತು. ಒಂಬತ್ತು ವರ್ಷದಿಂದ ನಾವು ಯಾರೋ ಮೂರನೇದವರಿಗೆ ದಿನಾ ನಮಸ್ಕಾರ ಮಾಡ್ಲಿಕತ್ತೇವಿ.

"ನನ್ನ ಹಿಂಗ ಮಾಡಬ್ಯಾಡ್ರಿ ಮತ್ತ" ಅಂದ್ರು ಅತ್ತಿಯವರು. ಆಮ್ಯಾಲೆ ನನ್ನ ಕಡೆ ತಿರುಗಿ, "ಅಲ್ಲವಾ, ನೀ ಚಿತ್ರಾ ತಗೀತಿಯಲ್ಲ, ನೀನಽ ತಗೀ. ನಾ ಇರೋದರೊಳಗ ತಗೀ. ನನ್ನ ಬಣ್ಣದಾಗ ತಗೀ."

ಆ "ನನ್ನ ಬಣ್ಣದಾಗ" ಅನ್ನೋದೊಂದು ಮಾತು ನನ್ನ ಒಂದು ವರ್ಷ ತಿಂತು.

ನಾ ತಗೀತಿದ್ದದ್ದು ಪೆನ್ಸಿಲ್ಲಿನ ಚಿತ್ರ. ಮಗಳು ಕಾಲೇಜಿಗೆ ಹೋದ ಮ್ಯಾಲೆ ಮಧ್ಯಾಹ್ನ ಹೊತ್ತು ಹೋಗ್ಲಿಲ್ಲಂತ ಶುರು ಮಾಡಿದ್ದು. ಆದ್ರ ಗೋಡಿಗೆ ಹಾಕೋದಂದ್ರ ಎಣ್ಣಿ ಬಣ್ಣಾನಽ ಬೇಕು ಅಂತ ನನ್ನ ತಲ್ಯಾಗ ಹೊಕ್ಕಿತ್ತು. ಅಂಗಡಿಗೆ ಹೋಗಿ ಹನ್ನೆರಡು ಟ್ಯೂಬಿನ ಡಬ್ಬಿ ತಂದೆ. ಅದರಾಗ ಒಂದರ ಮ್ಯಾಲೆ ಫ್ಲೆಶ್ ಟಿಂಟ್ ಅಂತ ಬರದಿತ್ತು, ಅಂದ್ರ ಮೈ ಬಣ್ಣ. ಒತ್ತಿದ್ರ ಗುಲಾಬಿ ಗುಲಾಬಿ ಬಂತು. ನಮ್ಮ ಓಣ್ಯಾಗ ಆ ಬಣ್ಣದ್ದು ಏನರೆ ಇದ್ರ ಹುಟ್ಟಿದ ಕೂಸಿನ ಅಂಗಾಲು ಒಂದಽ. ಅದಕ್ಕ ಸ್ವಲ್ಪ ಕಂದು ಕೂಡಿಸಿದ್ರ ಅತ್ತಿಯವರ ಬಣ್ಣ ಬರ್ತದಂತ ಮಾಡಿದ್ದೆ. ಬಂದದ್ದು ಚಹಾದಾಗ ಬಿದ್ದು ಮೆತ್ತಗಾದ ಬಿಸ್ಕೀಟಿನ ಬಣ್ಣ.

ನಮ್ಮ ಓಣಿ ಕಡೀಕ ಒಬ್ಬರು ರಿಟಾಯರ್ಡ್ ಡ್ರಾಯಿಂಗ್ ಮಾಸ್ತರು ಇದ್ದಾರ. ಅವರನ್ನ ಕೇಳಿದೆ. "ಮೊದಲ ರವಿವರ್ಮನ್ನ ನಕಲು ಮಾಡ್ರಿ, ಹತ್ತು ಮಾಡ್ರಿ, ಆಮ್ಯಾಲೆ ನಿಮ್ಮ ಅತ್ತಿಯವರ ಹತ್ರ ಹೋಗ್ರಿ" ಅಂದ್ರು. ತಪ್ಪೇನಿಲ್ಲ. ರವಿವರ್ಮನಂಥಾ ಕೈ ಯಾರಿಗದ? ಆದ್ರ ಅವನ ಪ್ರಿಂಟು ನಮ್ಮ ದೇವರ ಮನ್ಯಾಗ ಮೂರು ಅವ, ಹುಟ್ಟಿದಾಗಿಂದ ಅಂಥಾವನ್ನ ನೋಡಿಕೋತ ಬಂದೇನಿ, ಅದಽ ನನ್ನ ತ್ರಾಸು. ಆ ಮೈ ಎಷ್ಟು ನುಣ್ಣಗ ಅವ ಅಂದ್ರ ಯಾವ ಬಣ್ಣದ ಮ್ಯಾಲೆ ಯಾವುದು ಕೂತದ ಅಂತ ನನ್ನಂಥಾಕಿಗೆ ಕಾಣ್ಸೂದಽ ಇಲ್ಲ. ಕುಶಲ ಎಲ್ಲಾ ಒಳಗ ಹೋಗಿಬಿಟ್ಟದ. ಮತ್ತ ದೇವರು, ರಾಣಿಯರು, ಎಲ್ಲಾರೂ ಹಾಲಿನಂಗ. ನಮ್ಮ ಸ್ಟುಡಿಯೋದವ ಮಾವನವರನ್ನ ಬೆಳ್ಳಗ ಮಾಡ್ಲಿಕ್ಕೆ ಎಲ್ಲಿಂದ ಕಲತ ಅಂತ ವಿಚಾರ ಮಾಡಿದ್ರ ಭಾಳ ದೂರ ಹೋಗೋದು ಬ್ಯಾಡ.

ಹಿಂಗಿರೋವಾಗ ಮಗಳು ಬೆಂಗಳೂರಿಂದ ತಂದ ಒಂದು ಹಳೇ ಚಿತ್ರದ ಪುಸ್ತಕದಾಗ ಆ ಹುಡುಗನ್ನ ನೋಡಿದೆ. ಎಗೊನ್ ಶೀಲೆ ಅಂತ, ಆಸ್ಟ್ರಿಯಾದವ. 1890ರಾಗ ಹುಟ್ಟಿದವ, 1912ರಾಗ ತನ್ನ ಮುಖ ತಾನಽ ತಗದಾನ. ಈಗ ಆ ಚಿತ್ರ ವಿಯೆನ್ನಾದ ಲಿಯೊಪೋಲ್ಡ್ ಮ್ಯೂಜಿಯಮ್ಮಿನ್ಯಾಗದ. ಬೆಳ್ಳಗಿನ ಹಿನ್ನೆಲೆ, ಕರೇ ಅಂಗಿ, ಒಂದು ಬಾಜು ಕೆಂಪು ಹಣ್ಣಿನ ತೆಳ್ಳನ್ನ ಟೊಂಗಿ. ಮುಖ ವಾರಿ ಮಾಡಿ, ಸೊಕ್ಕಿಲೆ ನಮ್ಮನ್ನ ನೋಡ್ತಾನ. ಆ ಮುಖದಾಗ ಕೆಂಪು ಅದ, ಹಸರು ಅದ, ನೀಲಿ ಅದ. ಒಂದು ಸಲ ನೋಡಿದ್ರ ಯಾರೋ ಹೊಡದು ಕಳಿಸಿದಂಗ ಕಾಣ್ತದ. ಆದ್ರ ಎರಡನೇ ಸಲ ನೋಡಿದಾಗ ನನಗನಿಸಿದ್ದು, ಇಲ್ಲೆ ಒಂದೊಂದು ಬಣ್ಣನೂ ಬ್ಯಾರೆ ಬ್ಯಾರೆ ಇಟ್ಟಾನ, ಮುಚ್ಚಿಟ್ಟಿಲ್ಲ. ಅಡಗಿ ಮಾಡೋ ಮುಂದ ಬಾಗಲಾ ತಗದು ಇಟ್ಟಂಗ.

ಇವನ ಚರಿತ್ರಾ ಪೂರಾ ಅತ್ತಿಯವರ ಮುಂದ ಹೇಳೋವಂಥಾದ್ದಲ್ಲ. ಅದಽ 1912ರಾಗ ಮಕ್ಕಳ ಕಣ್ಣಿಗೆ ಬೀಳೋಹಂಗ ಅಸಭ್ಯ ಚಿತ್ರ ಇಟ್ಟಿದ್ದ ಅಂತ ಇಪ್ಪತ್ನಾಲ್ಕು ದಿವಸ ಜೇಲಿನ್ಯಾಗೂ ಇದ್ದು ಬಂದಾನ. ನಾ ಅವನ ಹತ್ರ ಬಣ್ಣ ಕಲೀಲಿಕ್ಕೆ ಹೋದಾಕಿ, ಗುಣ ಕಲೀಲಿಕ್ಕೆ ಅಲ್ಲ.

ಮೂಲ ಚಿತ್ರ ಭಾಳ ಸಣ್ಣದು. 32.2 ಸೆಂಟಿಮೀಟರ್ ಎತ್ತರ, 39.8 ಅಗಲ, ಕಟಗಿ ಹಲಗಿ ಮ್ಯಾಲೆ. ಅಷ್ಟಽ ಅಳತಿಗೆ ಪ್ರಿಂಟ್ ತಗಸೂಣು ಅಂತ ಝೆರಾಕ್ಸ್ ಅಂಗಡಿಗೆ ಹೋದ್ರ ಎ-ಮೂರು ಹಾಳಿ ಎತ್ತರ 29.7 ಅಷ್ಟಽ, ತಲಿನರೆ ಕಡೀಬೇಕು ಇಲ್ಲಾ ಅಂಗಿನರೆ. ಎರಡು ಹಾಳಿ ಹಚ್ಚಿ ಅಂಟಿಸಿದೆ. ಪುಸ್ತಕದಾಗಿನ ಹಸರು ಒಂದು, ಪ್ರಿಂಟಿನ ಹಸರು ಒಂದು, ಮಗಳ ಮೊಬೈಲಿನ ಹಸರು ಇನ್ನೊಂದು. ಯಾವುದು ಖರೇ ಅಂತ ಒಂದು ವಾರ ಕೂತು ಲೆಕ್ಕಾ ಹಾಕಿದೆ. ಕಡೀಕ ತಿಳೀತು, ಹಸರು ಎಷ್ಟು ಹಸರದ ಅನ್ನೋದು ದೊಡ್ಡ ಮಾತಲ್ಲ, ಬಾಜುಕಿನ ಕೆಂಪಿನಕಿಂತ ಎಷ್ಟು ತಣ್ಣಗದ ಅನ್ನೋದು ದೊಡ್ಡದು. ಇದು ಮೂರೂ ಪ್ರಿಂಟಿನ್ಯಾಗ ಒಂದಽ ಇತ್ತು.

ಎಣ್ಣಿ ಬಣ್ಣದ ಒಂದೆರಡು ಮನಿ ಮಾತು ಹೇಳ್ತೇನಿ. ಇದರಾಗ ಹಾಕೋ ಎಣ್ಣಿ ಮತ್ತೇನಲ್ಲ, ನಮ್ಮ ಅಗಸಿ ಎಣ್ಣಿ. ಅತ್ತಿಯವರಿಗೆ ಹೇಳಿದ್ರ "ಅಗಸಿ ಹಿಂಡಿ ಕುಟ್ಟೂದು ಬಿಟ್ಟು ಹಲಗಿಗೆ ಒರಸ್ತಿಯಾ?" ಅಂದ್ರು. ಇದು ನೀರಿನಂಗ ಆರಿ ಒಣಗೂದಿಲ್ಲ, ಹವಾದಾಗಿನ ಆಮ್ಲಜನಕ ಹೀರಿಕೊಂಡು ಗಟ್ಟಿ ಆಗ್ತದ. ಅದಕ್ಕಽ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬಾರದು, ಒಳಗೊಳಗ ಕಾದು ತಾನಽ ಹೊತ್ತಿಕೊಳ್ಳೋದುಂಟು. ಹರವಿ ಒಣಗಸ್ರಿ, ಇಲ್ಲಾ ನೀರಾಗ ತೋಯ್ಸಿ ಒಗೀರಿ. ಬಣ್ಣ ಹಚ್ಚೋ ಮುಂದ ತಳಕ್ಕ ಟರ್ಪಂಟೈನ್ ಹಾಕಿ ತೆಳ್ಳಗಿಂದು, ಎಣ್ಣಿ ಜಾಸ್ತಿ ಇದ್ದದ್ದು ಮ್ಯಾಲೆ. ಉಲ್ಟಾ ಮಾಡಿದ್ರ ಮ್ಯಾಲಿಂದು ಮೊದಲ ಒಣಗಿ, ತಳಗಿಂದು ಆಮ್ಯಾಲೆ ಒಣಗಿ, ಬಿರುಕು ಬಿಡ್ತದ. ಮತ್ತ ಕಿಡಕಿ ತಗದು ಕೂಡ್ರಿ, ಟರ್ಪಂಟೈನ್ ವಾಸನಿಗೆ ನಮ್ಮ ಮನಿಯವರಿಗೆ ಎರಡು ದಿವಸ ತಲಿಶೂಲಿ.

ಈಗ ನನ್ನ ತಪ್ಪಿಗೆ ಬರ್ತೇನಿ. ಮೊದಲನೇ ನಕಲಿನ್ಯಾಗ ನಾ ಏನು ತಿಳಕೊಂಡಿದ್ದೆ ಅಂದ್ರ, ಇವ ಹೆಂಗರೆ ಬಣ್ಣ ಹಚ್ಚ್ಯಾನ, ನಾನೂ ಹೆಂಗರೆ ಹಚ್ಚಿದ್ರ ನಡೀತದ. ಎಲ್ಲಾರೂ ಹಂಗಽ ಹೇಳ್ತಾರ. "ಇಂಥಾ ಚಿತ್ರದಾಗ ತಪ್ಪಾದ್ರ ಯಾರಿಗೆ ಗೊತ್ತಾಗ್ತದ?" ಹನ್ನೊಂದು ದಿವಸ ಕೂತು ಮಾಡಿದೆ. ಮುಗಿಸಿ ದೂರ ನಿಂತು ನೋಡಿದ್ರ ಹೋಳಿ ಹುಣ್ಣಿವಿ ಆಡಿ ಬಂದ ಹುಡುಗ ಕೂತಿದ್ದ. ಮೂಗು ಒಂದು ಕಡೆ, ಗಲ್ಲ ಒಂದು ಕಡೆ, ಎಲ್ಲಾ ಚೂರು ಚೂರು. ಮಾಸ್ತರು ಬಂದು ನೋಡಿ ನಗಲಿಲ್ಲ, ಅದು ಅವರ ದೊಡ್ಡತನ. "ಕಣ್ಣು ಸಣ್ಣ ಮಾಡಿ ನೋಡ್ರಿ, ಎರಡನ್ನೂ ಬಾಜೂಕ ಇಟ್ಟು" ಅಂದ್ರು.

ಕಣ್ಣು ಸಣ್ಣ ಮಾಡಿದ್ರ ನನಗ ಕಣ್ರೆಪ್ಪಿನಽ ಕಾಣ್ತಿದ್ವು. ಅದಕ್ಕ ಮೊಬೈಲಿನ್ಯಾಗ ಎರಡರದ್ದೂ ಫೋಟೋ ತಗದು ಬಣ್ಣ ತಗದುಬಿಟ್ಟೆ, ಬರೇ ಕಪ್ಪು-ಬಿಳುಪು ಮಾಡಿದೆ. ಅಲ್ಲೆ ಗುಟ್ಟು ಹೊರಗ ಬಿತ್ತು. ಶೀಲೆಂದು ಕಪ್ಪು-ಬಿಳುಪಿನ್ಯಾಗ ಸೀದಾ, ಶಾಣ್ಯಾ ಮುಖ. ಗಲ್ಲದಾಗಿನ ಹಸರು, ಬಾಜುಕಿನ ಕೆಂಪು ಎರಡೂ ಹೆಚ್ಚುಕಡಿಮಿ ಒಂದಽ ಬೂದಿ ಬಣ್ಣ ಆಗಿ ಗಲ್ಲ ಗಲ್ಲಾಗೇ ಉಳದಿತ್ತು. ನಂದು ಮಾತ್ರ ಕೌದಿ. ಎಲ್ಲೆ ಬೆಳಕು ಬೇಕೋ ಅಲ್ಲೆ ಕತ್ತಲಿ ಹೊಲದಿದ್ದೆ.

ಅಂದ್ರ ಬಣ್ಣಕ್ಕ ಹುಚ್ಚು ಹಿಡದಿರಬಹುದು, ಬೆಳಕು-ಕತ್ತಲಿಗೆ ಹಿಡದಿಲ್ಲ. ಆ ಹುಡುಗ ಎಲಬು ಎಲ್ಲಿ ಏಳ್ತದ, ಎಲ್ಲಿ ತಗ್ಗು ಬೀಳ್ತದ ಅಂತ ಒಂದು ಕೂದಲಿನಷ್ಟೂ ತಪ್ಪಿಲ್ಲ. ಹದಿನಾರನೇ ವರ್ಷಕ್ಕ ವಿಯೆನ್ನಾದ ಅಕಾಡೆಮಿ ಸೇರಿ ಮೂರು ವರ್ಷ ಕಲತು 1909ರಾಗ ಜಗಳಾಡಿ ಹೊರಗ ಬಂದವ. ಜಗಳಾಡಿದ ಖರೆ, ಕಲತದ್ದು ಬಿಟ್ಟು ಬಂದಿಲ್ಲ. ಹಿಂಗಾಗಿ ನಾ ಹೇಳೋದು, "ಇದರಾಗ ಏನರೆ ನಡೀತದ" ಅನ್ನೋರು ಒಂದು ನಕಲು ಮಾಡಿ ನೋಡ್ರಿ. ನುಣ್ಣನ್ನ ಚಿತ್ರದಾಗ ತಪ್ಪನ್ನ ನುಣ್ಣಗ ತಿಕ್ಕಿ ಮುಚ್ಚಬಹುದು. ಇಲ್ಲೆ ಮುಚ್ಚಲಿಕ್ಕೆ ಜಾಗಾನಽ ಇಲ್ಲ.

ಎರಡನೇ ನಕಲಿಗೆ ಹನ್ನೆರಡು ಟ್ಯೂಬು ಒಳಗಿಟ್ಟೆ. ಬಿಳಿ, ಕರೇ, ಹಳದಿ ಓಕರ್, ಒಂದು ಕೆಂಪು. ನಾಲ್ಕಽ. ಚಿತ್ರವನ್ನ ತಲಿಕೆಳಗ ಇಟ್ಟು, ಚೌಕ ಹಾಕಿ ಬರದೆ, ಯಾಕಂದ್ರ ತಲಿಕೆಳಗ ಇದ್ದಾಗ ಮೂಗು ಅಂತ ಗೊತ್ತಾಗೂದಿಲ್ಲ, ಬರೇ ಆಕಾರ ಕಾಣ್ತದ, ಕೈ ಸುಳ್ಳು ಹೇಳೂದಿಲ್ಲ. ಮೊದಲ ಬೂದಿ ಬಣ್ಣದಾಗ ಪೂರಾ ಮುಖ, ಅದು ಒಣಗಿದ ಮ್ಯಾಲೆ ಬಣ್ಣ. ಹಸರಿಗೆ ಹಸರು ಟ್ಯೂಬೇ ಬೇಕಾಗಲಿಲ್ಲ. ಓಕರ್ ಹಳದಿಗೆ ಕರೇ ಬಣ್ಣ ಕೂಡಿಸಿದ್ರ ತಾನಽ ಹಸರಾಗ್ತದ, ಹೆಸರಬ್ಯಾಳಿ ಸಿಪ್ಪಿ ಇರ್ತದಲ್ಲ, ಹಂಗ. ನಾ ಅದನ್ನ ನೋಡಿ ಒಬ್ಬಾಕಿನಽ ನಕ್ಕೆ. ನೀಲಿನೂ ಹಂಗಽ, ಕರೇ ಮತ್ತ ಬಿಳಿ ಕೂಡಿಸಿ ಕೆಂಪಿನ ಬಾಜೂಕ ಇಟ್ರ ಕಣ್ಣಿಗೆ ನೀಲಿ ಕಾಣ್ತದ. ಮೂಲದಾಗ ಶೀಲೆ ಇವನ್ನಽ ಹಾಕಿದ್ದ ಅಂತಲ್ಲ. ನನಗ ಕಲೀಲಿಕ್ಕೆ ಇಷ್ಟಽ ಸಾಕಾತು.

ಅದು ಒಣಗಲಿ ಅಂತ ಹಿತ್ತಲ ಕಟ್ಟಿ ಮ್ಯಾಲೆ ಇಟ್ಟಾಗ ಅತ್ತಿಯವರು ಮೊದಲನೇ ಸಲ ಸರಿಯಾಗಿ ನೋಡಿದ್ರು. "ಇವಗ ಕಾಮಣಿ ಆಗೇದೇನವಾ?"

"ಇಲ್ಲ ಅತ್ಯಾ, ಅವನಽ ಹಂಗ ತಗದಾನ, ಕನ್ನಡಿ ನೋಡಿಕೊಂಡು."

"ತನ್ನ ಮುಖಾ ತಾನಽ? ಹಿಂಗ?" ಅಂತ ಇನ್ನೂ ಹತ್ತರ ಬಂದು ಕೂತ್ರು. ಆಮ್ಯಾಲೆ ಬಟ್ಟಿಲೆ ಟೊಂಗಿ ತೋರಿಸಿ, "ಇದು ಹಣಿಗೆ ಬಡಕೊಂಡು ಟಪ್ ಅನಸ್ತಿದ್ದೆವು, ಆ ಹಣ್ಣಲ್ಲೇನು? ನಮ್ಮ ಹೊಲದ ಬದುವಿನ್ಯಾಗ ಇರ್ತಿತ್ತು" ಅಂದ್ರು. ಬರೋಬ್ಬರಿ ಅದಽ ಅಲ್ಲ, ಅದರ ದಾಯಾದಿ. ಕಾಗದದ ಚೀಲದಂಥಾ ಸಿಪ್ಪಿಯೊಳಗ ಸಣ್ಣ ಹಣ್ಣು ಇರ್ತದಲ್ಲ, ಅದಽ ಜಾತಿ. ಅಲ್ಲಿದು ಕೆಂಪು, ನಮ್ಮದು ಹಸರು.

"ಈಗ ಅದಾನೇನು?"

ನಾ ಹೇಳಿದೆ. 1918ರ ಅಕ್ಟೋಬರದಾಗ ಇನ್‌ಫ್ಲುಯೆಂಜಾ ಬಂದು ಅವನ ಹೆಂಡತಿ ಎಡಿತ್ ಆರು ತಿಂಗಳ ಬಸುರಿ ಇದ್ದಾಕಿ 28ಕ್ಕ ಹೋದ್ಲು, ಇವ 31ಕ್ಕ ಹೋದ. ಇಪ್ಪತ್ತೆಂಟು ವಯಸ್ಸು. ಆಕಿ ಹಾಸಗಿ ಹಿಡದು ಮಲಗಿದ್ದಾಗ್ಲೂ ಆಕಿ ಮುಖಾ ಬರದಿಟ್ಟಾನ.

ಅತ್ತಿಯವರು ಸುಮ್ಮನಾದ್ರು. ಆ ಬ್ಯಾನಿ ಅವಾಗ ಮುಂಬಯಿ ಇಲಾಖೆಯೊಳಗ ಇದ್ದ ನಮ್ಮ ಧಾರವಾಡದ ಕಡೆನೂ ಬಂದಿತ್ತು. "ನಮ್ಮಪ್ಪನ ಅವ್ವ ಅದರಾಗಽ ಹೋದ್ಲಂತ. ನಮ್ಮಪ್ಪ ಮೂರು ವರ್ಷದವ. ಆಕಿ ಮುಖಾ ಹೆಂಗಿತ್ತು ಅಂತ ಅವಗ ಕಡೀತನಕ ಗೊತ್ತಽ ಇರಲಿಲ್ಲ. ಯಾರೂ ಬರದಿಡಲಿಲ್ಲಲ್ಲ" ಅಂದು ಎದ್ದು ಒಳಗ ಹೋದ್ರು. ಕಾಮಣಿ ಮಾತು ಮತ್ತ ಎತ್ತಲಿಲ್ಲ.

ನಕಲು ಮಾಡೋದು ಕಳವು ಅನ್ನೋರು ಇರ್ತಾರ. ನಮ್ಮ ಊರು ಸಂಗೀತದ ಊರು, ಇಲ್ಲೆ ಹಿಂಗನ್ನೋದು ಸ್ವಲ್ಪ ನಗಿಬರೋ ಮಾತು. ಗುರುವಿನ ಹಿಂದ ತಂಬೂರಿ ಹಿಡಕೊಂಡು ಕೂತು, ಅವರು ಹಾಡಿದ್ದನ್ನಽ ವರ್ಷಗಟ್ಟಲೆ ಹಾಡಿದ್ರ ಯಾರೂ ಕಳವು ಅನ್ನೂದಿಲ್ಲ, ಘರಾಣಾ ಅಂತಾರ. ಪ್ಯಾರಿಸ್ಸಿನ ಲೂವ್ರ್ ಮ್ಯೂಜಿಯಮ್ಮಿನ್ಯಾಗ ಇವತ್ತಿಗೂ ಪರವಾನಗಿ ಕೊಟ್ಟು ನಕಲು ಮಾಡ್ಲಿಕ್ಕೆ ಕೂಡಸ್ತಾರ, ಅಳತಿ ಮಾತ್ರ ಮೂಲದ್ದು ಇರಬಾರದು. ವ್ಯಾನ್‌ಗೋ 1889ರಾಗ ಆಸ್ಪತ್ರಿಯೊಳಗ ಇದ್ದಾಗ ಮಿಲೆ ಅನ್ನೋವನ ಚಿತ್ರದ ಕಪ್ಪು-ಬಿಳುಪು ಪ್ರಿಂಟು ಮುಂದಿಟ್ಟುಕೊಂಡು ತನ್ನ ಬಣ್ಣ ಹಾಕಿ ಎಷ್ಟೋ ಚಿತ್ರ ಮಾಡ್ಯಾನ. ನಾ ಮೊಬೈಲಿನ್ಯಾಗ ಬಣ್ಣ ತಗದು ನೋಡಿದ್ದೆ, ಅವ ಬಣ್ಣ ಇಲ್ಲದ್ದಕ್ಕ ಬಣ್ಣ ಕೊಟ್ಟ. ಸಹಿ ಮಾತ್ರ ಅವನದು ಹಾಕಬ್ಯಾಡ್ರಿ, ಅಷ್ಟಽ.

ಆದ್ರ ನಕಲಿಗೂ ಒಂದು ಧೋಖಾ ಅದ, ಅದನ್ನ ಯಾರೂ ನನಗ ಹೇಳಿರಲಿಲ್ಲ. ಎರಡನೇದು ಮುಗಿದ ಮ್ಯಾಲೆ ಕನ್ನಡಿ ಮುಂದ ಕೂತು ನನ್ನ ಮುಖಾ ತಗದೆ. ಬಣ್ಣ ಬಂತು, ಬೆಳಕು ಬಂತು, ಮುಖದಾಗ ಮಾತ್ರ ಆ ಹುಡುಗನ ಸೊಕ್ಕು! ತಲಿ ವಾರಿ, ಹುಬ್ಬು ಮ್ಯಾಲೆ, ಗದ್ದ ಮುಂದ. ಐವತ್ತು ವರ್ಷದ ನಾನು, ಕುಕ್ಕರ್ ಸೀಟಿ ಎಣಿಸಿಕೋತ ಕೂತಾಕಿ, ವಿಯೆನ್ನಾದ ಇಪ್ಪತ್ತೆರಡು ವರ್ಷದ ಹುಡುಗನಂಗ ಜಗತ್ತು ನೋಡ್ಲಿಕತ್ತಿದ್ದೆ. ನಮ್ಮ ಮನಿಯವರು "ಇದು ನೀ ನನ್ನ ಮ್ಯಾಲೆ ಸಿಟ್ಟಾದಾಗಿನ ಮುಖ, ಬರೋಬ್ಬರಿ ಬಂದದ" ಅಂದ್ರು. ಚಾಕು ತಗೊಂಡು ಕೆರದು ಹಾಕಿದೆ. ಅವನ ಕಣ್ಣು ಕಡಾ ತಗೋಬಹುದು, ಅವನ ಮಾರಿ ತಗೋಬಾರದು. ಮತ್ತ ಇನ್ನೊಂದು: ಪೆನ್ಸಿಲ್ಲಿನ್ಯಾಗ ಮೂಗು-ಕಣ್ಣು ಒಂದು ಹದಕ್ಕ ಬರದಿದ್ರ ಈ ದಾರಿಗೆ ಬರಬ್ಯಾಡ್ರಿ, ಮಾಸ್ತರು ಹೇಳಿದ್ದು ಅಷ್ಟರ ಮಟ್ಟಿಗೆ ಖರೇ. ಅವರ ಜೋಡಿ ನನ್ನ ಜಗಳ ಇರೋದು "ಮೊದಲ ಬೆಳ್ಳನ್ನ ನುಣ್ಣನ್ನ ಮುಖ, ಆಮ್ಯಾಲೆ ನಿಮ್ಮ ಮುಖ" ಅನ್ನೋ ಸಾಲಿನ ಬಗ್ಗೆ. ಆ ಸಾಲಿನ್ಯಾಗ ನಿಂತ್ರ ನಮ್ಮ ಪಾಳಿ ಬರೂದಽ ಇಲ್ಲ.

ಈ ಎಪ್ರಿಲ್‌ದಾಗ ಅತ್ತಿಯವರನ್ನ ಕಿಡಕಿ ಬಾಜೂಕ ಕೂಡಿಸಿದೆ. ಮುಂಜಾನೆ ಹತ್ತರಿಂದ ಹನ್ನೊಂದರ ತನಕ, ಆಮ್ಯಾಲೆ ಅವರ ಬೆನ್ನು ನೋಯ್ತದ. ಮೊದಲನೇ ದಿವಸ ಒಂದು ತಾಸು ಬರೇ ನೋಡಿದೆ. ಮೂವತ್ತು ವರ್ಷ ಒಂದಽ ಮನ್ಯಾಗ ಇದ್ದೇವಿ, ಅವರ ಕಣ್ಣಿನ ಕೆಳಗ ಹಸರು ಛಾಯಾ ಅದ ಅಂತ ನನಗ ಗೊತ್ತಿರಲಿಲ್ಲ. ಓಕರ್ ಮತ್ತ ಕರೇದ ಅದಽ ಹೆಸರಬ್ಯಾಳಿ ಹಸರು. ಹಣಿ ಬಾಜೂಕ ತೆಳ್ಳನ್ನ ನೀಲಿ. ಗಲ್ಲದ ಎಲಬಿನ ಮ್ಯಾಲೆ ಬೆಲ್ಲದ ಪಾಕದಂಥಾ ಕೆಂಪು. ಕಿಡಕಿ ಬೆಳಕು ಬಿದ್ದಲ್ಲೆ ಬಿಳಿ ಅಲ್ಲ, ಒಂಥರಾ ಬೆಳ್ಳಿ. ಕಪ್ಪಂದ್ರ ಒಂದು ಬಣ್ಣ ಅಂತ ಯಾರು ಹೇಳಿದ್ರು?

ಅರ್ಧಾ ಆದಾಗ ಪುಣೇದಿಂದ ನಮ್ಮ ನಾದಿನಿ ವಿಡಿಯೋ ಕಾಲ್ ಮಾಡಿದ್ಲು. ಇವರು ಹೆಮ್ಮಿಲೆ ಚಿತ್ರದ ಮುಂದ ಫೋನ್ ಹಿಡದ್ರು. "ವೈನೀ, ಭಾಳ ಛಂದ ಆಗೇದ, ಆದ್ರ ಸ್ವಲ್ಪ ಬೆಳ್ಳಗ ಮಾಡ್ರಿ. ಮಂದಿ ನೋಡ್ತಾರ. ಆ ಹಸರೊಂದು ತಗೀರಿ, ಅವ್ವ ಜಡ್ಡಾದಂಗ ಕಾಣ್ತಾಳ" ಅಂದ್ಲು. ನಾ ಏನೂ ಅನ್ನಲಿಲ್ಲ, ನಾದಿನಿ ಅಂದ್ರ ನಾದಿನಿ. ಅವಳ ಮಾತಿನ್ಯಾಗ ಕೆಟ್ಟದ್ದೇನಿಲ್ಲ, ಅವ್ವ ಛಂದ ಕಾಣಲಿ ಅಂತ ಯಾವ ಮಗಳಿಗೆ ಇರೂದಿಲ್ಲ? ಆದ್ರ ಮಾವನವರ ಫೋಟೋಕ್ಕೂ ಸ್ಟುಡಿಯೋದವಗ ನಾವಽ ಯಾರೋ ಒಬ್ಬರು ಇದಽ ಮಾತು ಹೇಳಿರಬೇಕು.

ಅತ್ತಿಯವರು ಫೋನ್ ಈ ಕಡೆ ಹೊಳ್ಳಿಸ್ಲಿಕ್ಕೆ ಹೇಳಿ, "ನನ್ನ ನೋಡ್ಲಿಕ್ಕೆ ಬಂದಾಗ ನಿಮ್ಮಜ್ಜಿ ನನಗ ಪೌಡರ್ ಬಡದು ಕೂಡ್ಸಿದ್ಲು. ಮದವಿ ಫೋಟೋದಾಗೂ ಸ್ಟುಡಿಯೋದವ ಗುಲಾಬಿ ಬಣ್ಣ ಹಚ್ಚಿದ. ಎರಡು ಸಲ ಆತು, ಸಾಕು. ಮೂರನೇದು ನಾ ನಾನಽ ಇರ್ತೇನಿ" ಅಂದ್ರು. ನಾದಿನಿ "ಆತವಾ" ಅಂತ ಮಾತು ಬದಲಿಸಿ ಮಾವಿನಕಾಯಿ ರೇಟು ಕೇಳಿದ್ಲು.

ಫ್ಲೆಶ್ ಟಿಂಟ್ ಟ್ಯೂಬು ಹಾಳು ಮಾಡಲಿಲ್ಲ ಮತ್ತ. ಅತ್ತಿಯವರ ಇಲಕಲ್ಲ ಸೀರಿ ಮ್ಯಾಲೆ ಕಿಡಕಿ ಬೆಳಕು ಬಿದ್ದಲ್ಲೆ ಸ್ವಲ್ಪ ಬೇಕಾತು, ಅಲ್ಲೆ ಹಚ್ಚಿದೆ.

ಹೋದ ಆಯ್ತವಾರ ಮುಗೀತು. ಎಡಗಿವಿ ಸ್ವಲ್ಪ ದೊಡ್ಡದಾಗೇದ, ನಾ ಮುಟ್ಟೂದಿಲ್ಲ ಇನ್ನ. ಅತ್ತಿಯವರು ಕೋಲು ಹಿಡಕೊಂಡು ಎದ್ದು ಬಂದು ಮುಂದ ನಿಂತು ಭಾಳ ಹೊತ್ತು ನೋಡಿದ್ರು. ಛಂದ ಅದ ಅಂತ ಅನ್ನಲಿಲ್ಲ. "ಇಕಿ ಗುರ್ತಿನಾಕಿ" ಅಂದ್ರು. ಆಮ್ಯಾಲೆ ಬಟ್ಟ ಮುಂದ ಮಾಡಿದ್ರು.

"ಮುಟ್ಟಬ್ಯಾಡ್ರಿ ಅತ್ಯಾ, ಹಸಿ ಅದ."

"ಯಾವಾಗ ಒಣಗ್ತದ?"

"ಮ್ಯಾಲೆ ಮ್ಯಾಲೆ ಒಂದೆರಡು ವಾರ. ಪೂರಾ ಒಣಗಿ ವಾರ್ನಿಶ್ ಹಚ್ಚಬೇಕಂದ್ರ ಆರು ತಿಂಗಳರೆ ಬೇಕು."

"ಅಲ್ಲೀತನಕ ಗೋಡಿಗೆ ಹಾಕೂಹಂಗಿಲ್ಲಾ?"

"ಹಾಕೂಹಂಗಿಲ್ಲ."

"ಹಂಗಾರ ಆರು ತಿಂಗಳು ಇರಬೇಕಾತಲ್ಲವಾ" ಅಂದು, ಅಡಗಿಮನಿ ಕಡೆ ತಿರುಗಿ, ಅಗಸಿ ಹಿಂಡಿ ಡಬ್ಬಿ ಖಾಲಿ ಆಗೇದ, ನಾಳೆ ಕುಟ್ಟು ಅಂತ ಹೇಳಿಕೋತ ಹೋದ್ರು.